ಎರಡನೆಯ ಖಣ

ನನ್ನ ಬೆನ್ನಿಗೆ ಬಿದ್ದ ತಮ್ಮ ಬಸವರಾಜನಿಗೆ,

ಹೇಗಿದ್ದೀಯಾ ಎಂದು ಕೇಳುವ ಹಾಗಿಲ್ಲ. ಕೇಳಿದರೂ ನೀನು ನಿಜ ಹೇಳುವವನಲ್ಲ. ಬದುಕಿದ್ದಾಗಲೇ ಹೇಳಲಿಲ್ಲ, ಇನ್ನು ಈಗೆಲ್ಲಿ?

ಹೋದ ವರ್ಷದ ಪಂಚಮಿಗೆ ಭೀಮರಾಯನಗುಡಿಯಿಂದ ಸುರಪುರಕ್ಕೆ ನನ್ನನ್ನು ಕರೆಯಲು ಬಂದೆಯಲ್ಲ, ಆವತ್ತು ನಿನ್ನ ಕಣ್ಣು ಕೆಂಪಗಿದ್ದವು. "ಯಾಕೋ ಬಸ್ಯಾ, ಆರಾಮ ಇದ್ದೀಯಿಲ್ಲೋ?" ಎಂದೆ. "ಗಾಡಿ ಮ್ಯಾಲ ಬಂದೀನಿ, ಧೂಳಿ ಹೊಕ್ಕದ. ನೀ ಮೊದಲ ಸೀರಿ ಉಟ್ಕೋ, ನಡಿ" ಎಂದು ನನ್ನನ್ನೇ ಗದರಿದೆ. ಕಾಲುವೆಯ ಏರಿ ಹಿಡಿದು ಬರುವಾಗ ನಿನ್ನ ಬೆನ್ನು ಕಾದ ಹಂಚಿನಂತೆ ನನ್ನ ಕೈಗೆ ತಾಗಿತು. ಕೇಳಿದರೆ "ಬಿಸಲಕ್ಕ, ಬಿಸಲ" ಎಂದೆ. ಮೋಡ ಕವಿದ ಶ್ರಾವಣದಲ್ಲಿ ಅದೆಲ್ಲಿಯ ಬಿಸಿಲು ತಮ್ಮಾ?

ನಿನ್ನ ಎರಡೂ ಕಿಡ್ನಿ ಕೆಟ್ಟಾಗ ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ಹೇಳಿದ ದಿನ ನೆನಪಿದೆಯೇ? ಎಲ್ಲರೂ ದೇವರಿಗೆ ಕೈಮುಗಿದರೆ ನೀನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. "ತಮ್ಮ ಆದಾವ ಅಕ್ಕಗ ಕೊಡಬೇಕು. ಕೊಟ್ಟ ಮನಿ ಹೆಣ್ಮಗಳ ಕಡಿಂದ ತಗೋತಾರೇನು?" ಎಂದು. ನನಗೆ ಸಿಟ್ಟು ಬಂದಿತ್ತು. "ಹುಚ್ಚಪ್ಪಾ, ಇದೇನು ಗಂಡನ ಮನೀದಲ್ಲ. ತವರಿಂದ ತಂದದ್ದು, ತವರಿಗೇ ಹೊಂಟದ" ಎಂದೆ. ಅತ್ತವನು ನಕ್ಕೆ. ಅದರ ಮುಂದಿನ ಪಂಚಮಿಯಿಂದ ನನ್ನ ಉಡಿಯಲ್ಲಿ ಕುಬಸಕ್ಕೆಂದು ಒಂದರ ಬದಲು ಎರಡು ಖಣ ಇಡತೊಡಗಿದೆ. ಒಂದು ನನಗೆ. ಇನ್ನೊಂದು? "ಒಳಗ ಕುಂತಾಳಲ್ಲ ನಿನ್ನ ತುಂಡು, ಆಕೀಗಿ. ಆಕೀನೂ ಹೆಣ್ಮಗಳೇ" ಎನ್ನುತ್ತಿದ್ದೆ. ಆ ಖಣಗಳನ್ನೆಲ್ಲ ನಾನು ಹೊಲಿಸದೆ ಹಾಗೇ ಇಟ್ಟಿದ್ದೇನೆ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ತಿಳಿಸಿ ಹೇಳಿದ್ದರು. ರಾಯಚೂರು ಕಡೆಯವರು, ನಮ್ಮ ಮಾತೇ. "ಹೊರಗಿಂದ ಬಂದ ಕಿಡ್ನೀನ ಮೈ ಒಪ್ಪಂಗಿಲ್ರಿ, ದಬ್ಬಾಕ ನೋಡತದ. ದಬ್ಬಬಾರದಂತ ಈ ಮಾತ್ರಿ ಕೊಟ್ಟು ಮೈಯ ಕೈ ಕಟ್ಟೀವಿ. ಕೈ ಕಟ್ಟಿದ ಮೈಗಿ ಕ್ರಿಮಿ ಬಂದ್ರ ಬಡಿಯಾಕ ಬರಂಗಿಲ್ಲ. ಜ್ವರ ಸಣ್ಣದ ಕಾಣತದ, ಒಳಗ ರೋಗ ದೊಡ್ಡದಿರತದ. ಬೆಚ್ಚಗಾದ ದಿನಾನೇ ಬರ್ರಿ." ನೀನು ಎಲ್ಲವನ್ನೂ ಪಾಲಿಸಿದೆ. ಕಾಸಿ ಆರಿಸಿದ ನೀರು, ಹೊತ್ತಿಗೆ ಸರಿಯಾಗಿ ಮಾತ್ರೆ. ಆದರೆ ಮೂತ್ರದಲ್ಲಿ ಉರಿ ಎದ್ದಾಗ ಮಾತ್ರ ಮೆಡಿಕಲ್ ಅಂಗಡಿಯವನ ಹತ್ತಿರ ಕ್ಯಾಪ್ಸೂಲ್ ತಂದು ನುಂಗಿದೆ, ಉರಿ ನಿಂತ ಕೂಡಲೇ ಬಿಟ್ಟೆ. ಇದು ನಿನ್ನ ಹೆಂಡತಿ ಮಹಾದೇವಿ ನನಗೆ ಆಮೇಲೆ ಹೇಳಿದ್ದು. ಅರ್ಧಕ್ಕೆ ಬಿಟ್ಟ ಔಷಧಿಗೆ ಕ್ರಿಮಿ ಸಾಯುವುದಿಲ್ಲ, ಗಟ್ಟಿಯಾಗುತ್ತದಂತೆ.

ಕಾಲುವೆಯ ಗೇಟಿನ ಕೆಲಸದಲ್ಲಿ ನಿನ್ನಷ್ಟು ಹುಷಾರಿನವನು ಭೀಮರಾಯನಗುಡಿಯ ಕ್ಯಾಂಪಿನಲ್ಲೇ ಇರಲಿಲ್ಲ. ಏರಿಯ ಮೇಲೆ ನಡೆಯುತ್ತ ಒಮ್ಮೆ ನನಗೆ ತೋರಿಸಿದ್ದೆ: "ಅಕ್ಕಾ, ಏರಿ ಒಮ್ಮಿಗೇ ಒಡ್ಯಂಗಿಲ್ಲ. ಮೊದಲು ಹೊರಮೈಯಾಗ ಹಸಿ ಕಾಣತದ. ಹಸಿ ಕಂಡ ದಿನಾನೇ ಮಣ್ಣು ಹಾಕಬೇಕು, ನಾಳಿ ಅಂದ್ರ ಊರೇ ಹೋಗತದ." ಮಣ್ಣಿನ ಏರಿಯ ವಿಷಯದಲ್ಲಿ ಗೊತ್ತಿದ್ದದ್ದು ನಿನ್ನ ಮೈಯ ವಿಷಯದಲ್ಲಿ ಯಾಕೆ ಗೊತ್ತಾಗಲಿಲ್ಲ? ಅಥವಾ ಗೊತ್ತಾಗಿಯೂ...

ಹೋದ ವರ್ಷದ ಆ ಪಂಚಮಿಯ ದಿನ ಮಹಾದೇವಿ ನನಗೆ ಉಡಿ ತುಂಬುವಾಗ ಖಣ ಇಡಲು ನೀನೇ ಬಂದೆ. ಚಳಿ ಹತ್ತಿ ಎರಡನೆಯ ಖಣ ಕೈಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಕಿಬ್ಬೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ನನ್ನ ಕಿಡ್ನಿ ಇಟ್ಟ ಜಾಗವದು. ಕೌದಿ ಮೇಲೆ ಕೌದಿ ಹೊದಿಸಿದರೂ ಚಳಿ ನಿಲ್ಲಲಿಲ್ಲ. ಆಗ ಮಹಾದೇವಿ ಬಾಯಿಬಿಟ್ಟಳು: "ಮೊನ್ನಿಂದ ಹಿಂಗೇ ಅದಾರ ಅಕ್ಕಾರ. ದವಾಖಾನಿಗಿ ನಡೀರಿ ಅಂದ್ರ, ಹೈದರಾಬಾದಿಗಿ ಹೋದ್ರ ಅಡ್ಮಿಟ್ ಮಾಡ್ಕೋತಾರ, ಅಕ್ಕನ ಕರಿಯಾಕ ಯಾರು ಹೋಗ್ತಾರ ಅಂದ್ರು."

ಪಂಚಮಿ ಎಲ್ಲಿಗೆ ಓಡಿಹೋಗುತ್ತಿತ್ತು ತಮ್ಮಾ? ಮುಂದಿನ ವರ್ಷ ಬರುತ್ತಿರಲಿಲ್ಲವೇ? ಕರೆಯಲು ಬಾರದಿದ್ದರೆ ಅಕ್ಕ ತವರಿಗೆ ಹೋಗಬಾರದು, ಹೋದರೆ ಓಣಿಯವರು ಆಡಿಕೊಳ್ಳುತ್ತಾರೆ, ನಿಜ. ಆಡಿಕೊಳ್ಳಲಿ ಬಿಡು! ಬಾಯಿ ನೋಯುವ ತನಕ ಆಡಿಕೊಳ್ಳಲಿ! ಇವತ್ತಿಗೂ ಇದನ್ನು ನೆನೆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ಯಾದಗಿರಿಯಲ್ಲಿ ಸಲೈನ್ ಏರಿಸಿ ಆಂಬುಲೆನ್ಸಿನಲ್ಲಿ ಹೈದರಾಬಾದಿಗೆ ಒಯ್ದೆವು. ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಲು ನಿನ್ನ ರಕ್ತ, ಮೂತ್ರ ತೆಗೆದುಕೊಂಡು ಕೂಡಲೇ ಇಂಜೆಕ್ಷನ್ ಶುರು ಮಾಡಿದರು. ಪರೀಕ್ಷೆಯ ಫಲ ಬಂದಾಗ ಡಾಕ್ಟರ ಮುಖ ಸಣ್ಣದಾಗಿತ್ತು. ಕ್ರಿಮಿ ಕಿಡ್ನಿಯಿಂದ ರಕ್ತಕ್ಕೆ ಇಳಿದಿತ್ತು, ಬಹಳಷ್ಟು ಔಷಧಿಗೆ ಜಗ್ಗುತ್ತಿರಲಿಲ್ಲ. "ಮೈಯ ಕೈ ಕಟ್ಟಿದ ಮಾತ್ರಿ ಒಂದಿಷ್ಟು ಬಿಡಿಸಬೇಕಾಗತದ್ರಿ" ಎಂದರು. "ಬಿಡಿಸಿದ್ರ ಕಿಡ್ನಿ ಹೋದ್ರೂ ಹೋಗಬಹುದು. ಮತ್ತ ಡಯಾಲಿಸಿಸ್. ಆದ್ರ ಮನಷ್ಯಾ ಉಳಿಯಾಕ ಒಂದು ದಾರಿ ಆಗತದ." ನಾನು ಒಂದೇ ಉಸಿರಿಗೆ ಹೇಳಿದೆ: "ಹೋದ್ರ ಹೋಗ್ಲಿ ಬಿಡಿಸ್ರಿ. ನನಗ ತಮ್ಮ ಬೇಕು." ನೀನು ಕೇಳಿಸಿಕೊಂಡೆ. ಗೋಡೆಯ ಕಡೆಗೆ ಮುಖ ತಿರುಗಿಸಿದೆ.

ಐಸಿಯುಗೆ ಒಯ್ಯುವಾಗ ನರ್ಸಮ್ಮ ನಿನ್ನ ಅಂಗಿ ಬಿಚ್ಚಿದಳು. ಜೇಬಿನಲ್ಲಿ ಡಾಕ್ಟರು ಬಿಡಿಸಿದ್ದ ಅದೇ ಮಾತ್ರೆಯ ಹಾಳೆ ಸಿಕ್ಕಿತು, ಅರ್ಧ ಖಾಲಿ. ಅವರು ನಿಲ್ಲಿಸಿದ ಮೇಲೂ ಮನೆಯಿಂದ ತಂದದ್ದನ್ನು ನೀನು ಕದ್ದು ನುಂಗುತ್ತಿದ್ದೆ. ಮಹಾದೇವಿ ಎದೆ ಬಡಿದುಕೊಂಡಳು. ನಾನು ನಿನ್ನ ಕಿವಿಯ ಹತ್ತಿರ ಬಗ್ಗಿ ಬೈದೆ, ಆಸ್ಪತ್ರೆ ಎಂಬುದನ್ನೂ ಮರೆತು ಬೈದೆ. ನೀನು ಕಣ್ಣು ತೆರೆದು ಹೇಳಿದ್ದು ಇಷ್ಟೇ: "ಅಕ್ಕಾ, ನಿಂದು ಅದು. ನಾ ಹೆಂಗ ಕೆಡಸ್ಲಿ..." ಆಮೇಲೆ ಬಾಯಿಗೆ ಪೈಪು ಹಾಕಿದರು. ಮತ್ತೆ ನೀನು ಮಾತಾಡಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಡಾಕ್ಟರನ್ನು ಕೇಳಿದೆ, ಆ ಮಾತ್ರೆಯೇ ನಿನ್ನನ್ನು ತಿಂದಿತೇ ಎಂದು. "ಹಂಗ ಹೇಳಾಕ ಬರಂಗಿಲ್ರಿ. ಕ್ರಿಮೀನೇ ಜೋರಿತ್ತು. ಜ್ವರ ಬಂದ ದಿನಾನೇ ಬಂದಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಹೊರಡುವ ಮುಂಚೆ, ನನಗೆ ಸಮಾಧಾನವಾಗಲೆಂದೋ ಏನೋ, ಇನ್ನೊಂದು ಮಾತು ಹೇಳಿದರು. ಕಡಿಮೆಯಾದರೂ ಮೂತ್ರ ಕೊನೆಯವರೆಗೆ ಬರುತ್ತಿತ್ತಂತೆ. ನನ್ನ ಕಿಡ್ನಿ ಸತ್ತಿರಲಿಲ್ಲವಂತೆ. ಜೀವ ಇದ್ದ ಅದನ್ನು ನಿನ್ನ ಜೊತೆಗೇ ಮಣ್ಣಿಗೆ ಕೊಟ್ಟು ಬಂದೆವು. ಇದೇ ಬೇಕಾಗಿತ್ತೇ ನಿನಗೆ?

ಹತ್ತಿಕುಣಿಯ ಹಣಮಂತ ನೆನಪಿದ್ದಾನಲ್ಲ? ಆಸ್ಪತ್ರೆಯಲ್ಲಿ ನಿನ್ನ ಪಕ್ಕದ ಹಾಸಿಗೆಯವನು, ತಾಯಿಯ ಕಿಡ್ನಿ ಹಾಕಿಸಿಕೊಂಡವನು. ಈ ವರ್ಷ ಕಾರಹುಣ್ಣಿಮೆಯ ಹಿಂದಿನ ದಿನ ಅವನ ತಾಯಿ ಫೋನ್ ಮಾಡಿದಳು. "ಪೋರನ ಮೈ ಬೆಚ್ಚಗ ಅದವ್ವ, ಅಷ್ಟ. ಎತ್ತಿನ ಹಬ್ಬ ಮುಗಿಸಿ ಹೋಗ್ತೀನಿ ಅಂತಾನ." ನನಗೆ ಎಲ್ಲಿತ್ತೋ ಆ ದನಿ. "ಹಬ್ಬಕ್ಕ ಬೆಂಕಿ ಹಚ್ರಿ! ಈಗಿಂದೀಗ ಗಾಡಿ ಹತ್ರಿ!" ಎಂದು ಚೀರಿದೆ. ಹೋದರು. ಅವನಿಗೂ ನಿನ್ನ ಥರದ್ದೇ ಸೋಂಕು. ಅದೇ ಪರೀಕ್ಷೆ, ಇಂಜೆಕ್ಷನ್, ಮಾತ್ರೆ ಬಿಡಿಸುವ ಮಾತು. ಬಿಡಿಸಿದರು. ತಾಯಿಯ ಕಿಡ್ನಿ ಹೋಯಿತು. ಹಣಮಂತ ಈಗ ಯಾದಗಿರಿಗೆ ಡಯಾಲಿಸಿಸಿಗೆ ಬರುತ್ತಾನೆ, ಸೂಜಿ ಚುಚ್ಚಿ ಕೈಯೆಲ್ಲ ಗಂಟು, ಮುಖ ಕಪ್ಪಿಟ್ಟಿದೆ. ಬಂದವರ ಮುಂದೆಲ್ಲ ಕುಡಿಯುವ ನೀರನ್ನೂ ಅಳೆದು ಕೊಡುತ್ತಾಳೆಂದು ಹೆಂಡತಿಯ ಮೇಲೆ ದೂರು ಹೇಳುತ್ತಾನೆ. ಆ ದೂರು ಕೇಳಿದರೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತೇ?

ಈ ಪಂಚಮಿಗೆ ನನ್ನನ್ನು ಕರೆಯಲು ಮಹಾದೇವಿ ತಾನೇ ಬಸ್ಸು ಹತ್ತಿ ಬಂದಳು. ತವರಿಗೆ ಕರೆದೊಯ್ದು, ಉಡಿಯಲ್ಲಿ ಒಂದು ಖಣ ಇಟ್ಟು ನಿಂತಳು. ಆಮೇಲೆ ಸೆರಗಿನ ಮರೆಯಿಂದ ಇನ್ನೊಂದು ತೆಗೆದು, "ಇದು... ಏನು ಮಾಡ್ಲಿ ಅಕ್ಕಾರ?" ಎಂದಳು. ಇಬ್ಬರೂ ಅತ್ತೆವು. ಅದನ್ನು ಒಯ್ದು ಹತ್ತಿಕುಣಿಯಲ್ಲಿ ಹಣಮಂತನ ತಾಯಿಯ ಉಡಿಗೆ ಹಾಕಿ ಬಂದೆ. ಇನ್ನು ಪ್ರತಿ ಪಂಚಮಿಗೆ ಎರಡನೆಯ ಖಣ ಆಕೆಗೇ, ನಾನಿರುವವರೆಗೆ.

ಖಣ ಕಂಡು ಹಣಮಂತ ಕಣ್ಣು ಒರೆಸಿಕೊಂಡ. "ಅವ್ವಂದು ಕೆಡಿಸಿಬಿಟ್ಟೆ ನೋಡ್ರಿ ಅಕ್ಕಾರ" ಎಂದ. ಮುದುಕಿ ಅವನ ತಲೆಗೆ ಮೆಲ್ಲಗೆ ಒಂದು ಬಿಟ್ಟಳು. "ಕೆಟ್ರ ಕೆಡ್ಲೇಳು. ನಾ ಕೊಟ್ಟಿದ್ದು ನೀ ಜ್ವಾಪಾನ ಇಡ್ಲಿ ಅಂತಲ್ಲ, ನೀ ಇರ್ಲಿ ಅಂತ."

ನಾನೂ ಇದನ್ನೇ ಹೇಳಿದ್ದೆ ತಮ್ಮಾ. ನೀನು ಗೋಡೆಯ ಕಡೆ ಮುಖ ಮಾಡಿದ್ದೆ.

ನಿನ್ನ ಅಕ್ಕ,
ಶಾಂತಾ