ಹೃದಯ ವಿಭಾಗದ ಕಪಾಟಿನ ಸೀಸೆ

ಬಳ್ಳಾರಿ, ಇಸವಿ 2219, ಹದಿಮೂರನೆಯ ತಿಂಗಳ ನಲವತ್ತನೆಯ ದಿನ.

ಡಾಕ್ಟರ್ ಪಂಪನಗೌಡರಿಗೆ, ನಿಮಗಿಂತ ಏಳು ತಲೆಮಾರು ಮುಂದಿನ ಹುಲಿಗೆಮ್ಮ ಬರೆಯುವುದು. ನಮ್ಮ ಕಾಲದ ಪದಗಳೂ ಪಂಚಾಂಗವೂ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ.

ನಮ್ಮಲ್ಲಿ ಪ್ರತಿ ಓಣಿಗೂ ಒಂದು ಗುಳ್ಳೆಕಟ್ಟೆ ಇದೆ. ಮೂತ್ರಪಿಂಡ ನೋಡಿಸಿಕೊಳ್ಳುವ ಜಾಗ ಅದು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು ಹೋಗಿ ಮಲಗಿದರೆ, ತೋಳಿನ ನರಕ್ಕೆ ರಕ್ತಕಣಕ್ಕಿಂತ ಸಣ್ಣ ಗುಳ್ಳೆಗಳನ್ನು ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ರಕ್ತ ಹೋದಲ್ಲೆಲ್ಲ ಗುಳ್ಳೆಯೂ ಹೋಗಿ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಬರೀ ನೀರುಗಂಟಾದರೆ ಕಪ್ಪಾಗಿಯೇ ಉಳಿಯುತ್ತದೆ. ಕೆಟ್ಟ ಗಂಟಾದರೆ ಹೊಳೆದು ತನ್ನ ಗುಟ್ಟು ತಾನೇ ಬಿಡುತ್ತದೆ. ಗುಳ್ಳೆಯ ಗಾಳಿ ಉಸಿರಿನಲ್ಲೇ ಹೊರಟುಹೋಗುತ್ತದೆ, ಮೂತ್ರಪಿಂಡಕ್ಕೆ ಹೊರೆಯಿಲ್ಲ. ಎದ್ದವರ ಬೆನ್ನು ತಟ್ಟಿ ಗಟ್ಟಿಯಾಗಿ ಊದಿಸುವುದು ನಮ್ಮ ಪದ್ಧತಿ. ಮುದುಕರು ಬೇಕೆಂದೇ ಜೋರಾಗಿ ಊದಿ ಎಲ್ಲರನ್ನೂ ನಗಿಸುತ್ತಾರೆ.

ಇದು ನಮ್ಮ ಕಾಲದ ಪವಾಡವೆಂದುಕೊಂಡಿರಾ? ಅಯ್ಯೋ ಪುಣ್ಯಾತ್ಮರೇ, ಗುಳ್ಳೆ ನಿಮ್ಮ ಕಾಲದ್ದೇ!

ಹಳೆಯ ಗೋಡೆಗಳು ಹೀರಿಕೊಂಡ ದನಿಯನ್ನು ಹಿಂಡಿ ತೆಗೆಯುವ ಯಂತ್ರ ನಮ್ಮಲ್ಲಿದೆ, ಮಾತುಗಡಿಗೆ ಎನ್ನುತ್ತೇವೆ. ಅದರಲ್ಲಿ ನಿಮ್ಮ ಕೋಣೆಯ ಒಂದು ಮಂಗಳವಾರದ ಮಾತು ಕೇಳಿದೆ. ನಮ್ಮ ವಂಶದ ಹೊನ್ನೂರಮ್ಮ, ಮೂವತ್ತೊಂದರ ಹೆಂಗಸು, ಮೊಲೆ ಬಿಡದ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಗುಳ್ಳೆಯಿಲ್ಲದ ಬರಿಯ ಸ್ಕ್ಯಾನಿನಲ್ಲಿ ಮೂತ್ರಪಿಂಡದಲ್ಲೊಂದು ಗಂಟು ಕಂಡಿತ್ತು, ಎಂಥದ್ದೆಂದು ತಿಳಿದಿರಲಿಲ್ಲ. ಮೂತ್ರಪಿಂಡ ಸೋತಿದೆ, ಸಿ.ಟಿ.ಯ ಬಣ್ಣದ ಔಷಧ ಕೊಡಲು ಭಯ ಎಂದಿರಿ. ಆ ಭಯ ನ್ಯಾಯವಾದದ್ದೇ. ಆಗ ನರ್ಸ್ ಶರಣವ್ವ ಕೇಳಿದಳು: “ಸರ, ಕೆಳಗ ಹೃದಯದೋರ ಕಪಾಟಿನ್ಯಾಗ ಅವರು ಸ್ಕ್ಯಾನಿಗೆ ಹಾಕೋ ಗುಳ್ಳಿ ಔಷಧದ ಸೀಸೆ ಐತಲ್ರಿ, ತರ್ಲೇನ್ರಿ?” ನೀವು ಅಂದದ್ದು: “ಅದು ಅವರ ವಿಭಾಗದ್ದವಾ. ಅವರ ಮುಂದ ಹೋಗಿ ಕೈ ಒಡ್ಡಾಕ ನಾ ಏನು ಅವರ ಜವಾನನಾ? ಮೂರು ತಿಂಗಳು ಬಿಟ್ಟು ಬರ್ಲಿ.”

ಥೂ! ಒಂದು ಮಹಡಿ ಇಳಿಯಲು ನಿಮ್ಮ ದೊಡ್ಡಸ್ತಿಕೆ ಅಡ್ಡ ಬಂತು. ಮೂರು ತಿಂಗಳಲ್ಲಿ ಗಂಟು ರಕ್ತನಾಳದೊಳಕ್ಕೆ ಇಳಿದಿತ್ತು. ಆಮೇಲೆ ನೀವೇ ಗುಳ್ಳೆ ಔಷಧಕ್ಕೆ ಚೀಟಿ ಬರೆದಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಹೊನ್ನೂರಮ್ಮ ಆ ವರ್ಷ ದಾಟಲಿಲ್ಲ. ತಾಯಿಯ ಮುಖ ನೆನಪಿಲ್ಲದೆ ಬೆಳೆದ ಆ ಮಗಳ ಸಂತಾನ ನಾನು.

ಹಿಂದಿನ ಕಾಲಕ್ಕೂ ಪತ್ರ ಒಯ್ಯುವ ಅಂಚೆ ನಮ್ಮಲ್ಲಿದೆ; ಈ ಪತ್ರ ನಿಮ್ಮ ಕೈ ಸೇರುವುದು ಅದೇ ಮಂಗಳವಾರ ಹತ್ತೂವರೆಗೆ. ಶರಣವ್ವ ಈಗ ತಾನೇ ಕೇಳಿದ್ದಾಳೆ, ನೀವಿನ್ನೂ ಬಾಯಿ ತೆರೆದಿಲ್ಲ. ತೆರೆಯಬೇಡಿ. ಹೊರಗೆ ಬೆಂಚಿನ ಮೇಲೆ ಹೊನ್ನೂರಮ್ಮ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಏಳಿ ಡಾಕ್ಟರೇ, ಇಳಿಯಿರಿ. ಮೆಟ್ಟಿಲು ಇಪ್ಪತ್ತೆರಡೇ ಇವೆ.