ನಾಲ್ಕನೆಯ ಬಟನ್

ಜೂನ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಎರಡು ದಿನದಿಂದ ಫೋನ್ ಮಾಡಿ ಮಾಡಿ ನಿನಗೆ ಸಾಕಾಗಿರುತ್ತದೆ, ಗೊತ್ತು. ನನಗೇನೂ ಆಗಿಲ್ಲ. ಬಿಪಿ ಮಾತ್ರೆ ತಪ್ಪಿಸಿಲ್ಲ, ಆಪರೇಷನ್ ಜಾಗ ನೋಯುತ್ತಿಲ್ಲ. ಫೋನನ್ನು ನಾನೇ ಬೇಕೆಂದು ಆಫ್ ಮಾಡಿ ಬೀರುವಿನಲ್ಲಿ ಹಳೇ ಸ್ವೆಟರುಗಳ ಅಡಿ ಇಟ್ಟಿದ್ದೇನೆ. ಉತ್ತರ ಕೊಡದೆ ಕಾಯಿಸಿದ್ದಕ್ಕೆ ಕ್ಷಮಿಸು. ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ. ನೀನು ನರ್ಸಿಂಗ್ ಹಾಸ್ಟೆಲಿನಲ್ಲಿದ್ದಾಗ ನಾನು ವಾರಕ್ಕೊಂದು ಬರೆಯುತ್ತಿದ್ದೆ. ನಾಲ್ಕು ಪುಟಕ್ಕೆ ನೀನು ‘ಸೋಪು ಮುಗಿದಿದೆ’ ಎಂದು ಒಂದು ಸಾಲು ಉತ್ತರ ಬರೆಯುತ್ತಿದ್ದೆ. ಈ ಸಲವೂ ಅಷ್ಟೇ ಚಿಕ್ಕ ಉತ್ತರ ಸಾಕು. ಏನು ಬೇಕೆಂದು ಮುಂದೆ ಹೇಳುತ್ತೇನೆ.

ಇದನ್ನು ತಂದುಕೊಟ್ಟವರು ಕೆಲಸದಲ್ಲಿ ನನ್ನ ಪಕ್ಕದ ಕುರ್ಚಿಯವರು, ಹಿಂದೆ ಗಣಿತದ ಮೇಷ್ಟ್ರಾಗಿದ್ದವರು. ಅವರನ್ನು ಕೂರಿಸಿ ಒಂದು ಲೋಟ ನೀರಾದರೂ ಕೊಡು. ನಿನ್ನಿಂದಾಗಿ, ಅಲ್ಲ, ನನ್ನಿಂದಾಗಿ ಅವರ ಕೆಲಸ ಹೋಗಿದೆ.

ಮೊದಲು ಒಂದು ಸುಳ್ಳನ್ನು ಸರಿಮಾಡುತ್ತೇನೆ. ಕೋರ್ಟಿನ ಟೈಪಿಸ್ಟ್ ಕೆಲಸದಿಂದ ನಿವೃತ್ತಳಾದ ಮೇಲೆ ‘ಭಾಷೆ ತಿದ್ದುವ ಕೆಲಸ’ ಸಿಕ್ಕಿದೆ ಎಂದು ನಿನಗೆ ಹೇಳಿದ್ದೆನಲ್ಲ, ನಾನು ತಿದ್ದುವುದು ಏನೂ ಇಲ್ಲ. ನೀವೆಲ್ಲ ದಿನವಿಡೀ ಫೋನಿನಲ್ಲಿ ಬರೆದು ಹಾಕುತ್ತೀರಲ್ಲ, ಆ ಕಂಪನಿಯ ಇಲ್ಲಿನ ಕಚೇರಿ ನಮ್ಮದು. ಮೂರನೇ ಮಹಡಿಯಲ್ಲಿ ಹನ್ನೆರಡು ಕಂಪ್ಯೂಟರು, ಬಾಗಿಲಲ್ಲಿ ಫೋನ್ ಇಡಲು ಲಾಕರು, ತೆರೆಯಲು ಬಾರದ ಕಿಟಕಿ. ‘ಇವು ಶಾಂತಿ ಕದಡುವ ಬರಹಗಳು, ತೆಗೆಯಿರಿ’ ಎಂದು ಸರ್ಕಾರದ ಇಲಾಖೆಯಿಂದ ದಿನವೂ ಪಟ್ಟಿ ಬರುತ್ತದೆ. ಒಂದೊಂದನ್ನೂ ಓದಿ ನಾವು ನಿರ್ಧರಿಸಬೇಕು. ಪಕ್ಷಪಾತ ಆಗಬಾರದೆಂದು ಬರೆದವರ ಹೆಸರು, ಫೋಟೋ ಎಲ್ಲದರ ಮೇಲೂ ಕಪ್ಪು ಪಟ್ಟಿ ಇರುತ್ತದೆ. ಕೆಳಗೆ ನಾಲ್ಕು ಬಟನ್: ಇರಲಿ, ತೆಗೆ, ಮೇಲಿನವರಿಗೆ, ಪರಿಚಿತರು. ‘ಇರಲಿ’ ಒತ್ತಿದರೆ ಯಾಕೆ ಇರಲಿ ಎಂದು ನಾವೇ ನಾಲ್ಕು ಸಾಲು ಬರೆಯಬೇಕು. ‘ತೆಗೆ’ ಒತ್ತಿದರೆ ಏನೂ ಬರೆಯಬೇಕಿಲ್ಲ, ಕಾರಣ ಮೊದಲೇ ತುಂಬಿಕೊಂಡಿರುತ್ತದೆ. ಬರೆದವರು ಯಾರೆಂದು ಗುರುತು ಸಿಕ್ಕಿಬಿಟ್ಟರೆ ನಾಲ್ಕನೆಯದನ್ನು ಒತ್ತಬೇಕು, ಆಗ ಅದು ಬೇರೆಯವರ ಪರದೆಗೆ ಹೋಗುತ್ತದೆ. ನಾನು ಸೇರಿ ಎರಡು ವರ್ಷ. ಆ ನಾಲ್ಕನೆಯ ಬಟನ್ನನ್ನು ನಮ್ಮಲ್ಲಿ ಯಾರೂ ಮುಟ್ಟಿದ್ದನ್ನು ಕಂಡಿರಲಿಲ್ಲ.

ಮೊದಲು ಒಂದು ಪಟ್ಟಿಗೆ ಇಡೀ ದಿನ ಸಿಗುತ್ತಿತ್ತು. ಓದುತ್ತಿದ್ದೆವು, ವಾದ ಮಾಡುತ್ತಿದ್ದೆವು, ಮೇಷ್ಟ್ರು ಮತ್ತು ನಾನು ಒಂದು ಸಾಲಿಗಾಗಿ ಊಟದ ಹೊತ್ತಿನ ತನಕ ಜಗಳವಾಡಿದ್ದೂ ಇದೆ. ಈ ವರ್ಷದ ಆರಂಭದಲ್ಲಿ ಹೊಸ ಆದೇಶ ಬಂತು. ಪಟ್ಟಿ ಬಂದ ಮೂರು ಗಂಟೆಯೊಳಗೆ ಮುಗಿಸದಿದ್ದರೆ ಇಲ್ಲಿನ ಕಚೇರಿಯ ಮುಖ್ಯಸ್ಥರೇ ಜೈಲಿಗೆ. ಕಂಪನಿಯಲ್ಲ, ಆ ಮನುಷ್ಯ. ಅಂದಿನಿಂದ ಅವರು ನಮ್ಮ ಬೆನ್ನ ಹಿಂದೆ ಓಡಾಡುತ್ತ ‘ಇನ್ನು ಐವತ್ತು ನಿಮಿಷ’, ‘ಇನ್ನು ನಲವತ್ತು’ ಎನ್ನುತ್ತಾರೆ. ನಾವು ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೇವೆ. ಕೆಟ್ಟವರಲ್ಲ, ಹೆದರಿದವರು. ಎರಡಕ್ಕೂ ವ್ಯತ್ಯಾಸ ಏನೆಂದು ಈಗೀಗ ನನಗೆ ತಿಳಿಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಪರದೆಗೆ ಒಂದು ಬರಹ ಬಂತು. ಆಸ್ಪತ್ರೆಯ ಹೊಸ ವಾರ್ಡನ್ನು ಮಂತ್ರಿಗಳು ಉದ್ಘಾಟಿಸಿದ ಕಥೆ. ಹೊಸ ವಾರ್ಡಿಗೆ ಮಂಚಗಳೇ ಬಂದಿರಲಿಲ್ಲ. ಹಳೇ ವಾರ್ಡಿನ ರೋಗಿಗಳನ್ನು ನೆಲಕ್ಕಿಳಿಸಿ ಅವರ ಮಂಚಗಳನ್ನು ತಳ್ಳಿಕೊಂಡು ಹೋಗಿ, ಬಿಳಿ ಹೊದಿಕೆ ಹಾಸಿ, ಫೋಟೋ ತೆಗೆಸಿ, ಎರಡು ದಿನದ ಮೇಲೆ ವಾಪಸು ತಂದರಂತೆ. ಓದುತ್ತ ಓದುತ್ತ ನಡುವೆ ಒಂದು ಮುದುಕಿಯ ಮಾತು ಬಂತು. ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದ ಅವಳನ್ನು ಡಾಕ್ಟರು ಯಾಕಜ್ಜಿ ಮಲಗಿಲ್ಲ ಎಂದು ಕೇಳಿದರಂತೆ. “ನನ್ನ ಮಂಚ ಮಂತ್ರಿಗಳನ್ನ ನೋಡೋಕೆ ಹೋಗಿದೆ, ಅದು ಬಂದ್ಮೇಲೆ ಮಲಗ್ತೀನಿ” ಅಂದಳಂತೆ.

ಪುಟ್ಟಿ, ಅದೇ ಮಾತನ್ನು ಅದಕ್ಕೆ ಎರಡು ದಿನ ಮೊದಲು, ಭಾನುವಾರ, ನೀನು ನನಗೆ ಫೋನಿನಲ್ಲಿ ಹೇಳಿದ್ದೆ. ಅಜ್ಜಿಯ ಧ್ವನಿ ಮಾಡಿ ಹೇಳಿದ್ದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಲಿಗೆ ಬಿಚ್ಚಿಹೋದರೆ ನೀನೇ ಬಂದು ಹಾಕು ಎಂದಿದ್ದೆ. ಆ ಅಜ್ಜಿ ಅದನ್ನು ನಿನ್ನ ಮುಂದೆ, ಡಾಕ್ಟರ ಮುಂದೆ ಬಿಟ್ಟರೆ ಇನ್ಯಾರ ಮುಂದೆಯೂ ಹೇಳಿರಲಿಲ್ಲ. ಡಾಕ್ಟರು ಅಂಥದ್ದನ್ನು ಬರೆಯುವವರಲ್ಲ ಎಂದು ನೀನೇ ಎಷ್ಟು ಸಲ ಹೇಳಿಲ್ಲ.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಹಿಂದೆ ಗಡಿಯಾರ ‘ಇನ್ನು ಇಪ್ಪತ್ತು’ ಎನ್ನುತ್ತಿದ್ದರು. ನಾನು ನಾಲ್ಕನೆಯ ಬಟನ್ ಒತ್ತಿದೆ.

ನಿಯಮ ಅದು. ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಜಡ್ಜು ಹೇಳಿದ್ದನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಟೈಪ್ ಮಾಡಿದವಳು ನಾನು. ನನ್ನ ಮಗಳ ಬರಹದ ತೀರ್ಪು ನಾನೇ ಕೊಡಬಾರದು, ಸರಿ, ಬೇರೆಯವರು ನೋಡಲಿ ಎಂದುಕೊಂಡೆ. ಒತ್ತಿದ ಮೇಲೆ ಕೈ ತೊಳೆದುಕೊಂಡಷ್ಟು ಹಗುರವಾಯಿತು, ಎದ್ದು ಹೋಗಿ ನೀರೂ ಕುಡಿದು ಬಂದೆ. ಆ ಹೊತ್ತಿಗೆ ಅದು ಮೇಷ್ಟ್ರ ಪರದೆಗೆ ಹೋಗಿತ್ತು. ಅವರು ಎರಡು ಸಲ ಓದಿ ‘ಇರಲಿ’ ಒತ್ತಿ, ಕಾರಣದ ಜಾಗದಲ್ಲಿ ಬರೆದರು: ‘ಇದು ನಿಜವೋ ಸುಳ್ಳೋ ತಿಳಿಯಲು ವಾರ್ಡಿಗೆ ಹೋಗಿ ನೋಡಿದರೆ ಸಾಕು. ನಿಜವಾದರೆ ತೆಗೆಯಬಾರದು. ಸುಳ್ಳಾದರೆ ಇಲಾಖೆ ಮಂಚಗಳ ಫೋಟೋ ಹಾಕಲಿ.’ ಬರಹ ಉಳಿಯಿತು. ಸಂಜೆಯೊಳಗೆ ಊರೆಲ್ಲ ಓದಿ ನಕ್ಕಿತು. ಬುಧವಾರ ಬೆಳಿಗ್ಗೆ ಮೇಷ್ಟ್ರ ಪಾಸು ಬಾಗಿಲು ತೆರೆಯಲಿಲ್ಲ.

ಗುರುವಾರ ನನ್ನನ್ನು ಒಳಗಿನ ಕೋಣೆಗೆ ಕರೆದರು. ಗಡಿಯಾರ ಮೂಲೆಯಲ್ಲಿ ಕೂತಿದ್ದರು. ಮೇಜಿನ ಆಚೆ ಇಲಾಖೆಯ ಅಧಿಕಾರಿ. ವಯಸ್ಸು ನಲವತ್ತು ಇರಬಹುದು, ನಾನು ಒಳಗೆ ಬಂದಾಗ ಎದ್ದು ನಿಂತರು, ಕುರ್ಚಿ ಎಳೆದುಕೊಟ್ಟರು. ಅಂಥ ಮರ್ಯಾದೆ ಕಂಡರೆ ನನಗೆ ಮೊದಲೇ ಭಯ. ನಿಮ್ಮ ಕೆಲಸದ ದಾಖಲೆ ನೋಡಿದ್ದೇನೆ, ಬಹಳ ಚೆನ್ನಾಗಿದೆ, ನಿಮ್ಮಂಥವರು ಇನ್ನೂ ನಾಲ್ಕು ಜನ ಇದ್ದಿದ್ದರೆ ನಮಗೆ ತೊಂದರೆಯೇ ಇರುತ್ತಿರಲಿಲ್ಲ ಎಂದರು. ಯಾಕೆ ಹಾಗೆಂದರು ಎಂಬುದನ್ನು ಕೊನೆಗೆ ಬರೆಯುತ್ತೇನೆ, ಈಗ ಬರೆದರೆ ಕೈ ಓಡುವುದಿಲ್ಲ.

ವಿಷಯ ಇಷ್ಟು. ಆ ಖಾತೆ ಯಾರದೆಂದು ಕಂಪನಿಯ ದೊಡ್ಡ ಕಚೇರಿಗೆ ಮಾತ್ರ ಗೊತ್ತು. ಅದು ಸಮುದ್ರದಾಚೆ ಇದೆ, ಇವರು ಎಷ್ಟು ಒತ್ತಿದರೂ ಇದುವರೆಗೆ ಹೆಸರು ಕೊಟ್ಟಿಲ್ಲ. ಆದರೆ ಇಲ್ಲಿ ಯಾರು ಯಾವಾಗ ಯಾವ ಬಟನ್ ಒತ್ತಿದರು ಎಂಬ ದಾಖಲೆಯನ್ನು ನಮ್ಮ ಕಚೇರಿ ಕೊಡಲೇಬೇಕು, ಹೊಸ ಆದೇಶದಲ್ಲಿ ಹಾಗಿದೆ. ಅಧಿಕಾರಿ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಮಂಗಳವಾರ, ಹನ್ನೊಂದು ಗಂಟೆ ಎಂಟು ನಿಮಿಷ, ಪರಿಚಿತರು.

“ಅಮ್ಮಾ, ನೀವು ಕೋರ್ಟಲ್ಲಿ ಇದ್ದವರು, ಸುಳ್ಳು ಹೇಳೋರಲ್ಲ. ಬರೆದವರು ನಂಗೆ ಗೊತ್ತು ಅಂತ ನೀವೇ ಒತ್ತಿದೀರಿ. ಯಾರು ಅಂತ ಒಂದೇ ಒಂದು ಸಾಲು ಬರೆದು ಸಹಿ ಮಾಡಿ, ಮನೆಗೆ ಹೋಗಿ.”

ನಿನ್ನ ಖಾತೆಗೆ ಹೆಸರಿಲ್ಲ, ಫೋಟೋ ಇಲ್ಲ, ಕಂಪನಿಯ ಕಪ್ಪು ಪಟ್ಟಿ ಬೇರೆ. ಇಷ್ಟೆಲ್ಲ ಇದ್ದೂ ನಿನ್ನ ಹತ್ತಿರಕ್ಕೆ ಬರುವ ದಾರಿಯನ್ನು ತೋರಿಸಿಕೊಟ್ಟವಳು ನಾನು. ಯಾರೂ ಕೇಳದೆ, ನನ್ನದೇ ಬೆರಳಿನಿಂದ. ಸುಮ್ಮನೆ ‘ಇರಲಿ’ ಒತ್ತಿದ್ದರೆ ಆಗುತ್ತಿತ್ತು. ‘ತೆಗೆ’ ಒತ್ತಿದ್ದರೂ ನೀನು ತೆಗೆದವರನ್ನು ಬೈದುಕೊಂಡು ಸುರಕ್ಷಿತವಾಗಿ ಇರುತ್ತಿದ್ದೆ.

ಯೋಚಿಸಿ ಹೇಳುತ್ತೇನೆ ಎಂದೆ. ಅವಸರವಿಲ್ಲ, ಸೋಮವಾರ ಹತ್ತು ಗಂಟೆಗೆ ಬರುತ್ತೇನೆ ಎಂದರು. ಬಾಗಿಲ ತನಕ ಬಂದು, ಏನೋ ನೆನಪಾದವರಂತೆ, ನಿಮಗೆ ಮಗಳಿದ್ದಾಳಲ್ಲವೇ ಎಂದು ಕೇಳಿದರು. ಹೌದು ಎಂದೆ. ಏನು ಮಾಡಿಕೊಂಡಿದ್ದಾಳೆ ಎಂದರು. “ಮದುವೆ ಬೇಡ ಅಂತ ಹಟ ಮಾಡ್ಕೊಂಡು ಕೂತಿದಾಳೆ ಸಾರ್, ನಿಮ್ಗೆ ಯಾರಾದ್ರೂ ಗೊತ್ತಿದ್ರೆ ಹೇಳಿ” ಅಂದೆ. ನಕ್ಕರು. ನಕ್ಕು, ಚಿಕ್ಕ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಗಡಿಯಾರ ಲಿಫ್ಟಿನ ತನಕ ನನ್ನ ಹಿಂದೆಯೇ ಬಂದು, ನನಗೂ ಚಿಕ್ಕ ಮಕ್ಕಳಿವೆ ಮೇಡಂ, ಸೋಮವಾರ ಏನಾದರೂ ಒಂದು ಬರೆದುಬಿಡಿ ಎಂದು ಬೇಡಿಕೊಂಡರು.

ಬರೆಯುತ್ತೇನೆ. ಏನು ಬರೆಯುವುದೆಂದು ತೀರ್ಮಾನಿಸಿದ್ದೇನೆ. ಆ ಬರಹ ನನ್ನದು ಎಂದು ಬರೆಯುತ್ತೇನೆ.

ಹಾರಾಡಬೇಡ, ಪೂರ್ತಿ ಓದು. ಮಾರ್ಚಿನಲ್ಲಿ ಪಿತ್ತಕೋಶದ ಕಲ್ಲಿಗೆ ನಿನ್ನ ಆಸ್ಪತ್ರೆಯಲ್ಲೇ ಹನ್ನೊಂದು ದಿನ ಮಲಗಿದ್ದವಳು ನಾನು, ಆ ವಾರ್ಡಿನ ಒಳಹೊರಗೆಲ್ಲ ನನಗೆ ಗೊತ್ತು. ಮತ್ತೆ ತೋರಿಸಿಕೊಳ್ಳಲು ಬಂದದ್ದು ಉದ್ಘಾಟನೆಯ ಹಿಂದಿನ ದಿನ, ತಾರೀಖು ಹಾಕಿದ ಚೀಟಿ ನನ್ನ ಕೈಚೀಲದಲ್ಲೇ ಇದೆ. ಮಂಚಗಳನ್ನು ತಳ್ಳಿಕೊಂಡು ಹೋಗುವಾಗ ಕಾರಿಡಾರಿನಲ್ಲಿ ದಾರಿ ಬಿಟ್ಟು ನಿಂತವರಲ್ಲಿ ನಾನೂ ಒಬ್ಬಳು. ನನ್ನ ಬರಹದ ಮೇಲೆ ನಾನೇ ತೀರ್ಪು ಕೊಡಬಾರದೆಂದು ನಾಲ್ಕನೆಯ ಬಟನ್ ಒತ್ತಿದೆ ಎಂದರೆ ಯಾರೂ ಅಲ್ಲಗಳೆಯಲಾರರು. ನನ್ನ ಹಳೇ ಜಡ್ಜುಗಳು ಕೇಳಿದರೆ ಇವಳು ಹಾಗೆಯೇ ಮಾಡುವವಳು ಎಂದು ಸಾಕ್ಷಿ ಹೇಳುತ್ತಾರೆ.

ನನಗೆ ಕೆಲಸ ಹೋಗುತ್ತದೆ, ಹೋಗಲಿ. ಕೇಸು ಹಾಕಬಹುದು. ಕೋರ್ಟಿನ ಬೆಂಚು ನನಗೇನು ಹೊಸದೇ, ಈ ಸಲ ಎದುರುಗಡೆ ನಿಲ್ಲಬೇಕು ಅಷ್ಟೆ. ನಿನ್ನನ್ನು ಹಿಡಿದರೆ ಕೆಲಸದ ಜೊತೆ ನರ್ಸಿಂಗ್ ಲೈಸೆನ್ಸೂ ಹೋಗುತ್ತದೆ. ಆ ಅಜ್ಜಿಗೆ ಮಂಚ ವಾಪಸು ತಂದು ಹಾಕುವವರು ಆಮೇಲೆ ಯಾರು?

ನೀನು ಮಾಡಬೇಕಾದದ್ದು ಒಂದೇ. ಆ ಖಾತೆಯ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡು. ನಾಳೆ ಸಂಜೆಯೊಳಗೆ ಅವರು ನನಗೆ ಮುಟ್ಟಿಸುತ್ತಾರೆ. ಸೋಮವಾರ ಅಧಿಕಾರಿಯ ಎದುರೇ ತೆರೆದು ತೋರಿಸಿದರೆ ಮತ್ತೆ ಪ್ರಶ್ನೆ ಇರುವುದಿಲ್ಲ. ನಿನ್ನ ಫೋನಿನಿಂದ ಅದನ್ನು ತೆಗೆದುಹಾಕು, ಇನ್ನು ಮೇಲೆ ಮುಟ್ಟಬೇಡ. ಇಲ್ಲಿಗೆ ಓಡಿ ಬರಬೇಡ. ನಿನ್ನ ಪಾಳಿ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಆ ಚಿಕ್ಕ ಪುಸ್ತಕದಲ್ಲಿ ಇನ್ನೊಂದು ಸಾಲು ಬೀಳುತ್ತದೆ. ಇದಕ್ಕೆ ನೀನು ಬೇಡ ಎನ್ನುತ್ತೀಯ ಎಂದು ಗೊತ್ತು. ಒಂದನೇ ತರಗತಿಯಿಂದಲೂ ಎಲ್ಲಕ್ಕೂ ಮೊದಲು ಬೇಡ ಎಂದೇ ಅಂದವಳು. ಈ ಒಂದು ಸಲ ಮಾತು ಕೇಳು.

ಇನ್ನೊಂದು ಮಾತು. ಬರಹ ಬಹಳ ಚೆನ್ನಾಗಿತ್ತು. ಎಲ್ಲೂ ಕಿರುಚಿಲ್ಲ, ಕಂಡದ್ದನ್ನು ಬರೆದಿದ್ದೀಯ. ನನ್ನದು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನನ್ನ ಪಾಲಿನ ಒಳ್ಳೆಯದೂ ನಿನಗೇ ಇರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನನ್ನ ಸುಳ್ಳಿನಲ್ಲಿ ಒಂದು ತೂತಿದೆ. ಅಧಿಕಾರಿ ಅದನ್ನು ಕೇಳಿಯೇ ಕೇಳುತ್ತಾರೆ, ಅವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಆ ಖಾತೆ ನಿಮ್ಮದಾದರೆ ಅದರ ಹಿಂದಿನ ಆರು ಬರಹಗಳನ್ನು ನೀವೇ ಯಾಕೆ ತೆಗೆದಿರಿ ಎನ್ನುತ್ತಾರೆ. ಹೌದು ಪುಟ್ಟಿ. ಅವರು ಹೊಗಳಿದ ದಾಖಲೆ ಅದೇ. ‘ನಮ್ಮ ಆಸ್ಪತ್ರೆ ಬಗ್ಗೆ ಯಾರೋ ಬರೀತಾರಮ್ಮ, ಬರೆದಿದ್ದೆಲ್ಲ ಮಾಯ ಆಗುತ್ತೆ, ಅಲ್ಲಿ ಕೂತು ಅಳಿಸೋರ ಮನೇಲಿ ಯಾರಿಗೂ ಕಾಯಿಲೆನೇ ಬರಲ್ವಾ’ ಎಂದು ನೀನು ಮೇ ತಿಂಗಳಲ್ಲಿ ಕೇಳಿದ್ದೆ. ನಾನು ಮಾತು ತಿರುಗಿಸಿದ್ದೆ. ಆರೂ ನನ್ನ ಪರದೆಗೇ ಬಂದಿದ್ದವು, ಎಲ್ಲ ಒಂದೇ ಖಾತೆಯವೆಂದು ಗುರುವಾರ ಅಧಿಕಾರಿಯ ಹಾಳೆ ನೋಡಿದ ಮೇಲೆಯೇ ತಿಳಿಯಿತು. ಹಾಳೆಯಲ್ಲಿ ಪ್ರತಿಯೊಂದರ ಮುಂದೆ ನಾನು ಎಷ್ಟು ಹೊತ್ತು ನೋಡಿದೆ ಎಂದೂ ಇದೆ. ಯಾವುದಕ್ಕೂ ಒಂದು ನಿಮಿಷ ಕೊಟ್ಟಿಲ್ಲ.

ಮೂರನೆಯದು ಕೆಟ್ಟ ಲಿಫ್ಟಿನ ಬಗ್ಗೆ. ಆಪರೇಷನ್ ಆದ ಅರವತ್ತು ದಾಟಿದ ಹೆಂಗಸೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಮೆಟ್ಟಿಲು ಹತ್ತಿಸಿದರು, ಪಕ್ಕದಲ್ಲಿ ನರ್ಸು ಸಲೈನ್ ಬಾಟಲಿ ಎತ್ತಿ ಹಿಡಿದು ನಡೆದಳು, ಆ ಹೆಂಗಸು ನೋವಾದರೂ ತುಟಿ ಬಿಚ್ಚಲಿಲ್ಲ, ನರ್ಸಿನ ಕೈ ನೋಯುತ್ತದೆಂದು ಅವಳನ್ನೇ ಸಮಾಧಾನ ಮಾಡಿದಳು ಎಂದು ನೀನು ಬರೆದಿದ್ದೆ. ಮಂಗಳವಾರ ಒಬ್ಬ ಅಜ್ಜಿಯ ಮಾತಿನಿಂದ ನಿನ್ನನ್ನು ಗುರುತು ಹಿಡಿದವಳು, ಅಲ್ಲಿ ನನ್ನನ್ನೇ ಗುರುತಿಸಲಿಲ್ಲ. ನಲವತ್ತೊಂದು ಸೆಕೆಂಡು. ತೆಗೆ.

ಯಾಕೆ ತೆಗೆದಿರಿ ಎಂದು ಅಧಿಕಾರಿ ಕೇಳಿದರೆ ಹೆದರಿ ತೆಗೆದೆ ಎನ್ನುತ್ತೇನೆ. ಸೋಮವಾರ ನಾನು ಸಹಿ ಮಾಡುವ ಹಾಳೆಯಲ್ಲಿ ನಿಜ ಅದೊಂದೇ.