ನಮ್ಮ ತೋಟದಲ್ಲಿ ಕೋಡಿ ನೀರು

ಮಾನೆಪಲ್ಲಿ, ಸುಗಟೂರು ಅಂಚೆ
ಮೇ 24, 2025

ಚಿ. ಸೌ. ಮೌನಿಕಾಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ವಾರದಿಂದ ಅಮ್ಮನ ದನಿ ಕೇಳಿಲ್ಲ ಎಂದು ನಂಗಲಿಯಲ್ಲಿ ಕೂತು ಊಟ ಬಿಟ್ಟಿರುತ್ತೀಯ, ನಿನ್ನನ್ನು ನಾನು ಬಲ್ಲೆ. ಮೊದಲು ಎದ್ದು ಊಟ ಮಾಡು. ನಾವೆಲ್ಲ ಚೆನ್ನಾಗಿದ್ದೇವೆ, ಮನೆ ನಿಂತಿದೆ, ಸೀಮೆಹಸು ಎರಡು ಹೊತ್ತೂ ಹಾಲು ಕೊಡುತ್ತಿದೆ. ಟವರು ಸರಿಯಾದ ಕೂಡಲೇ ನಿನ್ನ ಅಣ್ಣ ಮುನೇಶ ಫೋನು ಮಾಡಿ ಇಷ್ಟೇ ಹೇಳಿದನಲ್ಲ, ಇಷ್ಟೇ ಹೇಳು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ. ಮಿಕ್ಕಿದ್ದನ್ನು ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನೂ ಅಳುತ್ತೇನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ತಡವಾಗಿದ್ದಕ್ಕೆ ಮುನಿಸಿಕೊಳ್ಳಬೇಡ.

ಎಂಥ ಮಳೆ ಅಂತೀಯ! ಮೇ ತಿಂಗಳಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು ಎಂದು ಆಕಾಶ ನೋಡುವ ಊರು ನಮ್ಮದು. ಈ ಸಲ ಹಿಡಿದದ್ದು ಬಿಡಲೇ ಇಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ ಕೆರೆ ಬಾಯಿವರೆಗೆ ತುಂಬಿ ನಿಂತಿದೆ! ನೀನು ಆ ಕೆರೆಯ ಒಳಗೆ ಕುಂಟೆಬಿಲ್ಲೆ ಆಡಿ ಬೆಳೆದವಳು, ಅದರಲ್ಲಿ ಮೊಣಕಾಲುದ್ದ ನೀರು ಕಂಡವಳಲ್ಲ. ನಾವು ಹೆಂಗಸರು ಗಂಗಮ್ಮನಿಗೆ ತಂಬಿಟ್ಟಿನ ದೀಪ ಮಾಡಬೇಕೆಂದು ಅಕ್ಕಿ ನೆನೆಹಾಕಿ ಕುಣಿದಾಡುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು!

ಅಷ್ಟರಲ್ಲಿ ಮೇಲಿನ ಬೀದಿಯ ನಿನ್ನ ಮುನಿರಾಮಪ್ಪ ದೊಡ್ಡಪ್ಪ ಕೆರೆ ಏರಿಯ ಮೇಲಿಂದ ಕೂಗಿಕೊಂಡು ಬಂದರು. "ದೀಪ ಆಮೇಲೆ ಹಚ್ಕೊಳ್ರಮ್ಮಾ! ಏರಿ ಬುಡದಾಗೆ ನೀರು ಜಿನುಗ್ತೈತೆ, ಕೋಡಿ ಕಡೆ ಒಂದು ಹನೀನೂ ಹೋಗ್ತಿಲ್ಲ!"

ಎಲ್ಲಿಂದ ಹೋಗಬೇಕು? ಕೆರೆ ಇನ್ನು ತುಂಬುವುದೇ ಇಲ್ಲ ಎಂದುಕೊಂಡು, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಕಾಲುವೆಯನ್ನೇ ಊರಿಗೆ ಊರೇ ಮುಚ್ಚಿ ಉತ್ತುಕೊಂಡಿದೆಯಲ್ಲ. ಮೇಲೆ ಅವರಿವರ ಟೊಮೆಟೊ, ಅದರ ಕೆಳಗೆ ನಮ್ಮ ಹಿಪ್ಪುನೇರಳೆ ತೋಟ. ಕಾಲುವೆ ಬಿಡಿಸದಿದ್ದರೆ ಏರಿ ಕಿತ್ತುಹೋಗುತ್ತಿತ್ತು. ಕಿತ್ತರೆ ಮೊದಲು ಕೊಚ್ಚಿಹೋಗುವುದು ನಮ್ಮ ಕೆಳಗಿನ ಬೀದಿಯೇ.

ನಿನ್ನ ಅತ್ತಿಗೆ ರಂಜಿತ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ದಿಣ್ಣೆಯ ಮೇಲಿನ ಶಾಲೆಗೆ ಹೋದಳು, ಜೊತೆಗೆ ನಮ್ಮ ಹಸುವನ್ನೂ ಹೊಡೆದುಕೊಂಡು. ಗಂಡಸರು ಏರಿಗೆ ಮರಳಿನ ಚೀಲ ಹೊತ್ತರು. ನಮ್ಮೂರ ವೆಂಕಟ್ ಅವನ ಜೇಸಿಬಿ ತಂದು ಟೊಮೆಟೊ ಹೊಲಗಳನ್ನು ಸೀಳಿಕೊಂಡು ಬಂದ. ನಮ್ಮ ತೋಟಕ್ಕೆ ಬಂದವನು ಗಾಡಿ ನಿಲ್ಲಿಸಿ ಕೆಳಗಿಳಿದುಬಿಟ್ಟ.

"ಅತ್ತೇ, ನೀವು ಬಾಯಿಬಿಟ್ಟು ಹೇಳೋವರ್ಗೂ ನಾನು ಕೈ ಹಚ್ಚಲ್ಲ" ಎಂದ.

ಮುನಿರಾಮಪ್ಪನವರು, "ಶ್ಯಾಮಲಮ್ಮಾ, ಆ ಕಡೆ ಬಂಡೆ, ಈ ಕಡೆ ಮನೆಗಳು. ಬೇರೆ ದಾರೀನೇ ಇಲ್ಲ ಕಣಮ್ಮಾ. ಮಕ್ಕಳನ್ನ ಒಂದ್ ಮಾತು ಕೇಳು" ಎಂದರು. ಯಾರನ್ನು ಕೇಳಲಿ? ಮುನೇಶ ನರಸಾಪುರದಲ್ಲಿ, ಕಂಪನಿ ಬಸ್ಸು ನೀರಿನಲ್ಲಿ ಸಿಕ್ಕಿಕೊಂಡಿತ್ತು. ನಿನಗೆ ಫೋನು ಹೋಗುತ್ತಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೆತ್ತಗೆ ಮಾತಾಡಿದರೆ ಅತ್ತುಬಿಡುತ್ತೇನೆ ಎಂದು ವೆಂಕಟನ ಮೇಲೆ ರೇಗಿಬಿಟ್ಟೆ.

"ಏನ್ಲಾ ನೋಡ್ಕೊಂಡು ನಿಂತಿದ್ದೀಯಾ? ಊರೇ ಹೋದ್ಮೇಲೆ ತೋಟ ಇಟ್ಕೊಂಡು ನಾನೇನ್ ಮಾಡ್ಲಿ? ತೆಗಿ!"

ತೆಗೆದ. ನೀರು ಹೋ ಎಂದು ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಕೆರೆ ಇಳಿಯಿತು, ಏರಿಯ ಬುಡದಲ್ಲಿ ಜಿನುಗುವುದು ನಿಂತಿತು. ಅಬ್ಬಾ, ಮೌನಿ, ಆಗ ಬಿಟ್ಟಂಥ ಉಸಿರು ನಾನು ಜೀವಮಾನದಲ್ಲಿ ಬಿಟ್ಟಿಲ್ಲ. ಒಂದು ಜೀವ ಹೋಗಲಿಲ್ಲ, ಒಂದು ಕೋಳಿ ಕೂಡ ಹೋಗಲಿಲ್ಲ. ಶಾಲೆಯಲ್ಲೇ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು ಮಾಡಿದೆವು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರೂ ಒಂದೇ ಸಾಲಿನಲ್ಲಿ ಕೂತು ಉಂಡರು, ಮುನಿರಾಮಪ್ಪನವರು ಮುದ್ದೆಯ ಮೇಲೆ ಮುದ್ದೆ ಇಳಿಸಿದರು. ಮಾರನೆಯ ದಿನ ಏರಿ ಮೇಲೆ ದೀಪ ಇಟ್ಟೆವು. ಬತ್ತಿಹೋಗಿದ್ದ ನಮ್ಮ ಬೋರ್‌ವೆಲ್ಲು ಮೋಟಾರು ಹಾಕದೆಯೇ ಉಕ್ಕುತ್ತಿದೆ, ಬಂದು ನೋಡು. ರೇಷ್ಮೆ ಹುಳಕ್ಕೆ ಸೊಪ್ಪು ಮಾತ್ರ ಈ ಬೆಳೆಗೆ ಹೊರಗಿನಿಂದ ತರಬೇಕು.

ನಿನಗೂ ಅಳಿಯಂದಿರಿಗೂ ಗಂಗಮ್ಮ ತಣ್ಣಗಿನ ದಿನಗಳನ್ನೇ ಕೊಡಲಿ. ನಿನ್ನ ಮಡಿಲು ತುಂಬಿರಲಿ.

ಇತಿ ನಿನ್ನ ಅಮ್ಮ,
ಶ್ಯಾಮಲಮ್ಮ

ತಾ.ಕ.: ವೆಂಕಟ್ ಯಾಕೆ ಗಾಡಿ ನಿಲ್ಲಿಸಿದನೆಂದು ಓದುವಾಗಲೇ ನಿನಗೆ ತಿಳಿದಿರುತ್ತದೆ. ಹಿಪ್ಪುನೇರಳೆ ಗಿಡಕ್ಕಾಗಿ ಯಾರೂ ಹಾಗೆ ನಿಲ್ಲುವುದಿಲ್ಲ. ಅವನ ಮುಂದೆ ಇದ್ದದ್ದು ನಿಮ್ಮಪ್ಪನ ಸಮಾಧಿ. ಕರ್ಪೂರ ಹಚ್ಚಲು ಹೋದೆ, ಮಳೆಗೆ ಹತ್ತಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು, "ಸ್ವಲ್ಪ ಸರ್ಕೊಳ್ಳಿ, ಜನ ಉಳ್ಕೊಳ್ಳಲಿ" ಎಂದೆ, ಅಷ್ಟೇ. ಮೂಳೆ ಆಯ್ದುಕೊಳ್ಳುವಷ್ಟು ಹೊತ್ತೂ ಇರಲಿಲ್ಲ ಮಗಳೇ. ಈಗ ಅಲ್ಲಿ ಏನೂ ಇಲ್ಲ, ನೀರು ಹರಿಯುತ್ತಿದೆ. ಮುನೇಶ ಬಂದು ದಂಡೆಯ ಮೇಲೆ ಸಂಜೆಯವರೆಗೂ ನಿಂತಿದ್ದು, ಆಮೇಲೆ ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದ. ಊರವರೆಲ್ಲ ಕೈ ಮುಗಿಯುತ್ತಾರೆ. ನಿನ್ನೊಬ್ಬಳಿಗೆ ಮಾತ್ರ ಹೆದರುತ್ತಿದ್ದೇನೆ. ವರ್ಷ ವರ್ಷ ನೀನು ಹಾಲು ಹುಯ್ಯಲು ಬರುತ್ತಿದ್ದ ಜಾಗವನ್ನು ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ. ಅಪ್ಪ ಇಲ್ಲದ ಮೇಲೆ ಅಲ್ಲಿಗೆ ಯಾಕೆ ಬರಲಿ ಎನ್ನಬೇಡ. ನನ್ನನ್ನು ಬಯ್ಯುವುದಕ್ಕಾದರೂ ಬಾ.